ಅರ್ಧ ಇಂಚು

ಅಕ್ಟೋಬರಿನ ಕೊನೆಯ ಮಂಗಳವಾರ. ಮಳೆಯೂ ಅಲ್ಲದ ಹಿಮವೂ ಅಲ್ಲದ
ಒಂದು ಮುನಿಸು ಸುಪೀರಿಯರ್ ಸರೋವರದ ಕಡೆಯಿಂದ ಬೀಸುತ್ತಿತ್ತು.
ಅಂಗಡಿಯಲ್ಲಿ ನಾನೊಬ್ಬಳೇ, ವರ್ನಾ ಕಾಂಗಾಸ್.
ಮೊಳೆ, ಹಗ್ಗ, ಬಣ್ಣದ ಡಬ್ಬಿ, ಹಿಂದಿನ ಗೋಡೆಗೆ ಕೋವಿ.

ಅವನು ಬಂದ. ಮಿಸೌರಿಯ ಕಂಪನಿಯಂತೆ, ಹೆಸರು ಡೆರಿಕ್ ಸ್ಲೇಟನ್ ಅಂತೆ.
ಬೂಟಿಗೆ ಕೆಸರಿಲ್ಲ.
ಗಾಜಿನ ಮೇಲೆ ಕರವಸ್ತ್ರ ಹಾಸಿ, ಒಡವೆ ತೋರಿಸುವ ಅಕ್ಕಸಾಲಿಯ ಹಾಗೆ,
ಒಂದೇ ಒಂದು ತೋಟಾ ನಿಲ್ಲಿಸಿದ.

ಗಿಡ್ಡ. ಹೆಗಲು ಚೂಪು, ಕುತ್ತಿಗೆ ಕಿರಿದು.
ಹೊಸ ಹಿತ್ತಾಳೆಯ ಮೇಲೆ ನನ್ನ ಟ್ಯೂಬ್‌ಲೈಟು ಉದ್ದಕ್ಕೆ ಮಲಗಿತ್ತು.

"ಶಾರ್ಟ್ ಆಕ್ಷನ್ ಕೋವಿಗೆ ಇದು. ಬೋಲ್ಟು ಅರ್ಧ ಇಂಚು ಕಡಿಮೆ ಓಡುತ್ತದೆ.
ಕೋವಿ ಹಗುರ, ಒದೆತ ಕಡಿಮೆ, ಮುನ್ನೂರು ಗಜದಲ್ಲೂ..."

ಮುನ್ನೂರು ಗಜ!
ನಮ್ಮ ಸೀಡರ್ ಜೌಗಿನಲ್ಲಿ ಅರವತ್ತು ಗಜ ಕಂಡರೆ
ಅದನ್ನು ಬಯಲು ಅನ್ನುತ್ತೇವೆ.

"ಒಂದೇ ಪ್ರಶ್ನೆ ಮೇಡಂ. ಇದನ್ನು ಯಾರು ಕೊಳ್ಳುತ್ತಾರೆ?"

ಕೌಂಟರಿನ ಹಿಂದೆ ಕರೆದೆ, ಕೆಳಗಿನ ಕಪಾಟು ತೆಗೆದೆ.
ನೋಡಪ್ಪ, ಇದು ತೊಂಬತ್ತೆಂಟರಲ್ಲಿ ಬಂತು, ಇದು ಎರಡು ಸಾವಿರದ ಮೂರರಲ್ಲಿ,
ಇದರ ಹೆಸರು ನನಗೇ ಮರೆತಿದೆ.
ಬರುವಾಗ ಎಲ್ಲವೂ ದಿಬ್ಬಣದಲ್ಲೇ ಬಂದವು:
ಪೋಸ್ಟರು, ಕಿತ್ತಳೆ ಟೋಪಿ, ಪುಕ್ಕಟೆ ಕಾಫಿ ಲೋಟ.
ಲೋಟಗಳು ಇನ್ನೂ ಇವೆ. ಬೆಳಿಗ್ಗೆ ಅದರಲ್ಲೇ ಕುಡಿಯುತ್ತೇನೆ.

ಮೇಲಿನ ಕಪಾಟಿನಲ್ಲಿ ಮಾತ್ರ ಮೂರೇ ಬಗೆ, ನೂರು ವರ್ಷದಿಂದ ಮೂರೇ.
ಅಜ್ಜನ ಕೋವಿ, ಅದಕ್ಕೆ ಅಜ್ಜನ ತೋಟಾ.
ಈ ಊರಲ್ಲಿ ಅಳಿಯ ಬದಲಾಗಬಹುದು, ತೋಟಾ ಬದಲಾಗದು.

ಲೆಂಪಿ ಹೈಕ್ಕಿಲಾ ಕಳೆದ ವರ್ಷ ಗಂಡನ ಕೋವಿ ತಂದಿಟ್ಟಳು,
ಜೊತೆಗೆ ಸಾಕ್ಸಿನಲ್ಲಿ ಕಟ್ಟಿದ ಏಳು ತೋಟಾ.
ಅದನ್ನು ಮಾಡುತ್ತಿದ್ದವರು ಬಾಗಿಲು ಹಾಕಿ ಕಾಲವಾಗಿತ್ತು.
ವರ್ಷಕ್ಕೊಂದರಂತೆ ಅವನು ಲೆಕ್ಕ ಹಾಕಿಟ್ಟಿದ್ದನಂತೆ.
ಏಳು ಮಿಕ್ಕವು.

ಸ್ಲೇಟನ್ ಏನೂ ಬರೆದುಕೊಳ್ಳಲಿಲ್ಲ. ಒಳ್ಳೆಯ ಹುಡುಗನೇ.
ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದು ಅವನ ಕೆಲಸ,
ಹೊಲಿಸುವವರು ಬೇರೆ.

ಆಗ ಬಾಗಿಲ ಗಂಟೆ ಬಾರಿಸಿತು. ಬ್ರಿನ್.
ಮಾಕೆಲಾ ಮನೆಯ ಕಿರಿಯವಳು, ಹನ್ನೆರಡು ವರ್ಷ, ಸೋದರತ್ತೆಯ ಉದ್ದ ಕೋವಿ
ಅವಳಿಗಿಂತ ಒಂದು ಗೇಣಷ್ಟೇ ಗಿಡ್ಡ.
ಅಂಗಿಯ ಕೊರಳು ಜಾರಿದಲ್ಲಿ ಹೆಗಲು ಬ್ಲೂಬೆರಿ ಚೆಲ್ಲಿದ ಹಾಗೆ.
"ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿಹೋಗುತ್ತೆ," ಅಂದಳು,
ಪಾದ್ರಿಯ ಮುಂದೆ ಹೇಳುವಷ್ಟು ಮೆಲ್ಲಗೆ.

ಅವನು ತೋಟಾ ಎತ್ತಿ ಅವಳ ಅಂಗೈಗೆ ಕೊಟ್ಟ.
ಮದ್ದಿಲ್ಲದ ಮಾದರಿ, ಖಾಲಿ, ತಣ್ಣಗಿನದು.
ಅವಳು ಮುಷ್ಟಿ ಮಾಡಿದಳು. ಪೂರ್ತಿ ಮುಚ್ಚಿಕೊಂಡಿತು.
"ಇದು ನೋಯುತ್ತಾ?"

ಯಾರಿಗೆ ಎಂದು ನಾವಿಬ್ಬರೂ ಕೇಳಲಿಲ್ಲ.

"ಯಾವಾಗ ಬರುತ್ತೆ?"
"ಎರಡು ವರ್ಷ. ಬಂದರೆ."
ಅವಳು ಬೆರಳು ಮಡಿಸಿದಳು: ಹದಿಮೂರು, ಹದಿನಾಲ್ಕು.
ಜಿಂಕೆ ಋತು ತೆರೆಯಲು ಉಳಿದದ್ದು ಹದಿನೇಳು ದಿನ.

ತೋಟಾ ಕರವಸ್ತ್ರದ ಮೇಲೆ ಮತ್ತೆ ನಿಂತಿತು.
ನಾನು ಏಣಿ ಹತ್ತಿ ಕೋವಿಯ ಹಿಮ್ಮಡಿಗೆ ಹಾಕುವ ರಬ್ಬರು ಬೂಟು ಇಳಿಸಿದೆ,
ದೂಳು ಒರೆಸಿದೆ. ಹತ್ತೊಂಬತ್ತು ಡಾಲರು.
ಅವಳಲ್ಲಿ ಹದಿನಾರಿತ್ತು.
ಸ್ಲೇಟನ್ ಮೂರು ಕೊಟ್ಟ, ರಸೀದಿ ಕೇಳಿ ಇಸಿದುಕೊಂಡ,
ಕಂಪನಿಯ ಖರ್ಚಿಗೆ.

ಆಮೇಲೆ ಪುಸ್ತಕ ತೆಗೆದು ಒಂದು ಗೀಟು ಎಳೆದ.
ಸಂಜೆಯೊಳಗೆ ಇನ್ನೂ ನಾಲ್ಕು ಅಂಗಡಿ ಇದ್ದವು ಅವನಿಗೆ.

ಮಾದರಿಯನ್ನು ಬಿಟ್ಟುಹೋಗಿದ್ದಾನೆ. ಬೇಕೆಂದೋ, ಮರೆತೋ.
ಮೇಲಿನ ಕಪಾಟಿಗೂ ಅಲ್ಲ, ಕೆಳಗಿನದಕ್ಕೂ ಅಲ್ಲ,
ಗಲ್ಲಾದ ಪಕ್ಕ, ಬಾಲ್‌ಪೆನ್ನುಗಳ ಲೋಟದಲ್ಲಿ ಹಾಕಿದ್ದೇನೆ.
ಪೆನ್ನು ಎತ್ತಿದಾಗಲೆಲ್ಲ ತಳದಲ್ಲಿ ಒಂದು ಸದ್ದು.